ಸವೆದದ್ದು ಯಾವುದು, ಮಾಡಿದ್ದು ಯಾವುದು

ನಿವೃತ್ತಳಾದ ಮೇಲೂ ಹಳೆಯ ಆಫೀಸಿನವರು ನನ್ನನ್ನು ಆಗಾಗ ಕರೆಯುತ್ತಾರೆ, ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ. ಕಳೆದ ಸಲ ಹೋದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. "ಮೇಡಂ, ಈಗ ಸ್ಕ್ಯಾನ್ ಮಾಡಿ ಬಟನ್ ಒತ್ತಿದ್ರೆ ಮಾಡೆಲ್ ಬಂದ್ಬಿಡುತ್ತೆ. ಇದ್ರಲ್ಲಿ ನಾವು ಕಲಿಯೋಕೆ ಏನಿದೆ?" ನನ್ನ ಬಾಯಿ ಮೊದಲಿನಿಂದಲೂ ಜೋರು. "ಬಟನ್ ಒತ್ತೋಕೆ ಒಂದು ಬೆರಳು ಸಾಕಮ್ಮ. ನಿನ್ನ ಪೂರ್ತಿ ಯಾಕೆ ಕೆಲಸಕ್ಕೆ ತಗೊಂಡಿದ್ದಾರೆ ಅಂತ ಯೋಚನೆ ಮಾಡು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಆ ಹುಡುಗಿ ತಲೆ ತಗ್ಗಿಸಿದಳು. ಮನೆಗೆ ಬಂದ ಮೇಲೆ ನನಗೇ ಸರಿಬರಲಿಲ್ಲ. ಅವಳು ಕೇಳಿದ್ದು ತಪ್ಪಾಗಿರಲಿಲ್ಲ, ನಾನು ಕೊಟ್ಟದ್ದು ಉತ್ತರವೂ ಆಗಿರಲಿಲ್ಲ. ಅದಕ್ಕೇ ಅವಳಿಗೂ, ಹೊಸದಾಗಿ ಸೇರಿದ ನಿಮಗೆಲ್ಲರಿಗೂ ಇಷ್ಟನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಏನು ಎಂಬುದನ್ನು ಮೊದಲು ಹೇಳಬೇಕು. ಯಂತ್ರದ ಒಂದು ಭಾಗ ಮುರಿದಿರುತ್ತದೆ. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿರುತ್ತದೆ, ಇಲ್ಲವೇ ಸಮುದ್ರದಾಚೆ ಇರುತ್ತದೆ. ನಕ್ಷೆ ಯಾರ ಹತ್ತಿರವೂ ಇಲ್ಲ. ಮುರಿದ ತುಂಡು ಮಾತ್ರ ಇದೆ. ಆ ತುಂಡನ್ನು ನೋಡಿ, ಅಳೆದು, ಅದರ ನಕ್ಷೆಯನ್ನು ಮತ್ತೆ ಬರೆಯಬೇಕು. ಸಾರು ಕುಡಿದು ನೋಡಿ, ಇದನ್ನು ಹೇಗೆ ಮಾಡಿದ್ದಾರೆ ಎಂದು ಬರೆದುಕೊಡುವ ಹಾಗೆ. ಅದರಲ್ಲೂ ಆ ಸಾರು ಹಿಂದಿನ ದಿನದ್ದು, ಅರ್ಧ ಹಳಸಿದ್ದು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೇರಿದಾಗ ಆಫೀಸು ಹಲಸೂರಿನ ಒಂದು ಹಳೆಯ ಮನೆಯ ಕೆಳಭಾಗದಲ್ಲಿತ್ತು. ನಮ್ಮ ಮನೆ ಲಿಂಗರಾಜಪುರ. ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಬಂದವಳು ನಾನು. ಆ ಹೆಸರಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ಆಫೀಸಿನಲ್ಲಿ ಹೆಂಗಸರ ಬಚ್ಚಲೂ ಇರಲಿಲ್ಲ. ಡ್ರಾಯಿಂಗ್ ಬೋರ್ಡು, ಅಳೆಯಲು ವರ್ನಿಯರ್, ಮೈಕ್ರೋಮೀಟರ್, ಇವೇ ನಮ್ಮ ಸಾಮಾನು. ಕೈಯೋ ಅಳತೆಗೋಲೋ ಹೋಗದ ಸಂದಿಗೆ ಮೇಣ ಒತ್ತಿ, ಅಚ್ಚು ತೆಗೆದು, ಆ ಅಚ್ಚನ್ನು ಅಳೆಯುತ್ತಿದ್ದೆವು. ಸಂಜೆ ಮನೆಗೆ ಹೋದರೆ ಕೈಯೆಲ್ಲ ಗ್ರೀಸು. ನಮ್ಮಮ್ಮ "ಓದಿ ಆಫೀಸಿಗೆ ಹೋಗ್ತೀನಿ ಅಂದ್ಯಲ್ಲೇ, ಇದೇನೇ ಗ್ಯಾರೇಜು?" ಎಂದು ರೇಗಿಸುತ್ತಿದ್ದಳು.

ನಮ್ಮ ಮೇಲಿನವರು ಸೆಲ್ವರಾಜ್ ಸರ್. ಹಲಸೂರಿನವರೇ. ಮನೆಮಾತು ತಮಿಳು, ಕನ್ನಡವನ್ನು ನಿಧಾನವಾಗಿ, ಒಂದೊಂದು ಪದವನ್ನೂ ತೂಗಿ ಆಡುತ್ತಿದ್ದರು. ಅವರ ಬಾಯಿಂದ ಹೊಗಳಿಕೆ ಬಂದದ್ದನ್ನು ನಾನು ಕೇಳಿದ್ದಿಲ್ಲ. ನಕ್ಷೆ ಸರಿಯಿದ್ದರೆ "ಆಗಲಿ" ಎನ್ನುವರು. ತಪ್ಪಿದ್ದರೆ ಏನೂ ಹೇಳದೆ ಹಾಳೆಯನ್ನು ಬೋರಲು ಹಾಕಿ ಟೀ ಕುಡಿಯಲು ಎದ್ದುಹೋಗುವರು. ಅವರು ವಾಪಸ್ಸು ಬರುವಷ್ಟರಲ್ಲಿ ನಾವೇ ತಪ್ಪನ್ನು ಹುಡುಕಿರಬೇಕಿತ್ತು. ಬೈದಿದ್ದರೆ ಎಷ್ಟೋ ಸುಖವಾಗಿತ್ತು.

ಆ ಕಾಲದ ಒಂದು ಪ್ರಸಂಗವನ್ನು ಹೇಳಲೇಬೇಕು. ಶಿವಾಜಿನಗರದಲ್ಲಿ ಬೇಕರಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಬಷೀರ್ ಭಾಯಿ, ಹಿಟ್ಟು ಕಲಸುವ ಹಳೆಯ ಯಂತ್ರವೊಂದರ ಬಿರುಕುಬಿಟ್ಟ ತೋಳನ್ನು ತಂದುಕೊಟ್ಟರು. ನಮ್ಮಲ್ಲಿದ್ದ ಒಬ್ಬ ಡ್ರಾಫ್ಟ್ಸ್‌ಮನ್ ಅದನ್ನು ಬಹಳ ಶ್ರದ್ಧೆಯಿಂದ ಅಳೆದ. ತೋಳಿನ ಬದಿಯಲ್ಲಿ ಬಟ್ಟಲಿನಂಥ ಒಂದು ಚಿಕ್ಕ ಗುಳಿಯಿತ್ತು. ಅದರ ಆಳ, ಅಗಲ, ಅಂಚಿನ ಬಾಗು ಎಲ್ಲವನ್ನೂ ನಕ್ಷೆಯಲ್ಲಿ ಬರೆದ. ಎರಕ ಹೊಯ್ಯುವವರು ಅದೇ ಪ್ರಕಾರ ಹೊಯ್ದರು. ಹೊಸ ತೋಳುಗಳನ್ನು ಒಂದೊಂದಾಗಿ ತಿರುವಿ ನೋಡಿದ ಬಷೀರ್ ಭಾಯಿಗೆ ನಗು ತಡೆಯಲಾಗಲಿಲ್ಲ. "ಅರೆ ಮೇಡಂ, ಇದು ನಮ್ ಕಾರೀಗರ್ ಸುತ್ತಿಗೆಯಲ್ಲಿ ಹೊಡೆದ ಏಟು! ಅದನ್ನೂ ಒರಿಜಿನಲ್ ಅಂತ ಎಲ್ಲದಕ್ಕೂ ಹಾಕ್ಬಿಟ್ರಾ?"

ನಾವೂ ನಕ್ಕೆವು. ಸೆಲ್ವರಾಜ್ ಸರ್ ನಗಲಿಲ್ಲ. ಬಷೀರ್ ಭಾಯಿ ಹೋದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ನಮ್ ಕೈಗೆ ಬರೋನು ಮುದುಕ. ಹಲ್ಲು ಬಿದ್ದಿರುತ್ತೆ, ಬೆನ್ನು ಬಗ್ಗಿರುತ್ತೆ. ನಾವು ಬರೀಬೇಕಾಗಿರೋದು ಅವನ ಮದುವೆ ಫೋಟೋ. ತಿಳೀತಾ?"

ತಿಳಿಯಿತು. ಬಹಳ ಚೆನ್ನಾಗಿಯೇ ತಿಳಿಯಿತು. ಎಷ್ಟೋ ವರ್ಷ ಅದೇ ನಮಗೆ ವೇದವಾಕ್ಯವಾಗಿತ್ತು. ಸವೆದದ್ದನ್ನು ನಕಲು ಮಾಡಬಾರದು. ಆ ಭಾಗ ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಬರೆಯಬೇಕು. ತೂತು ಅಂಡಾಕಾರವಾಗಿದ್ದರೆ ದುಂಡಗೆ ಬರೆ. ಅಂಚು ಸೊಟ್ಟಗಿದ್ದರೆ ನೇರಕ್ಕೆ ತಾ. ನಿಮಗೂ ಮೊದಲ ವಾರದಲ್ಲಿ ಇದನ್ನೇ ಹೇಳಿಕೊಟ್ಟಿರುತ್ತಾರೆ. ಸುಳ್ಳಲ್ಲ ಅದು, ನೂರಕ್ಕೆ ತೊಂಬತ್ತು ಭಾಗಗಳಿಗೆ ಸರಿಯಾದ ಮಾತೇ.

ಆಮೇಲೆ ಸ್ಕ್ಯಾನರ್ ಬಂತು. ಅಷ್ಟು ಹೊತ್ತಿಗೆ ಆಫೀಸು ಇಂದಿರಾನಗರಕ್ಕೆ ಹೋಗಿತ್ತು. ಹೊಳೆಯುವ ಭಾಗಕ್ಕೆ ಬಿಳಿ ಪುಡಿ ಹೊಡೆದು, ಅದರ ಮೇಲೆ ಕೆಂಪು ಬೆಳಕಿನ ಗೆರೆಯನ್ನು ಹರಿಸಿದರೆ ಕಂಪ್ಯೂಟರಿನಲ್ಲಿ ಲಕ್ಷಾಂತರ ಚುಕ್ಕಿಗಳು ಮೂಡುತ್ತಿದ್ದವು. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಮರುದಿನವೇ ಗೊತ್ತಾಯಿತು, ಚುಕ್ಕಿಗೆ ತಾನು ಯಾವುದರ ಚುಕ್ಕಿ ಎಂಬುದು ಗೊತ್ತಿರುವುದಿಲ್ಲ. ತೂತಿನ ಅಂಚು, ಮೇಜಿನ ಧೂಳು, ಭಾಗವನ್ನು ಹಿಡಿದಿದ್ದ ಬೆರಳು, ಎಲ್ಲವೂ ಅದಕ್ಕೆ ಒಂದೇ. ಬೇಡದ ಚುಕ್ಕಿಗಳನ್ನು ಆರಿಸಿ ತೆಗೆಯಲು ಜನ ಬೇಕಾಯಿತು. ಹಾಗೆ ಬಂದವಳು ಶರಣಮ್ಮ.

ಶರಣಮ್ಮ ಕಲಬುರಗಿ ಕಡೆಯವಳು. ಅವಳ ಅಣ್ಣ ಭೀಮಣ್ಣ ಗೌಂಡಿ ಕೆಲಸಕ್ಕೆಂದು ಸಂಸಾರ ಸಮೇತ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದ. ಅವನ ಜೊತೆ ಇವಳೂ ಚಿಕ್ಕವಳಿದ್ದಾಗಲೇ ಬಂದಿದ್ದಳು. ಇಲ್ಲೇ ಓದಿ, ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲಿನಲ್ಲಿ ಶಕ್ತಿಯಿರಲಿಲ್ಲ. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಳು: ಕಾಲಿನ ಎರಡೂ ಬದಿಗೆ ಉಕ್ಕಿನ ಪಟ್ಟಿ, ಚರ್ಮದ ಬೆಲ್ಟು, ಮಂಡಿಯ ಹತ್ತಿರ ಮಡಚಲು ಎರಡು ಕೀಲು. ಅವಳು ಮೆಟ್ಟಿಲು ಹತ್ತುವಾಗ ಕೀಲಿನ ಟಕ್ ಶಬ್ದ ಒಳಗೆ ಕೇಳಿಸುತ್ತಿತ್ತು, ನಾವು ಅವಳ ಪಾಲಿನ ಟೀ ಬಗ್ಗಿಸಿ ಇಡುತ್ತಿದ್ದೆವು.

ಚುಕ್ಕಿ ಆರಿಸುವುದರಲ್ಲಿ ಅವಳದು ಒಳ್ಳೆಯ ಕೈ. "ಹೇಗೆ ಗೊತ್ತಾಗುತ್ತೆ ನಿಂಗೆ?" ಎಂದರೆ "ಅಕ್ಕಿ ಆರಸ್ದಂಗ ನೋಡ್ರಿ ಅಕ್ಕಾರ. ಹಳ್ಳು ಯಾವ್ದಂತ ಅಕ್ಕಿಗೇನ್ ಕೇಳ್ತೀವಿ?" ಎನ್ನುವಳು. ನನ್ನ ಜೋರು ಬಾಯಿಗೆ ಹೆದರದವಳು ಆಫೀಸಿನಲ್ಲಿ ಅವಳೊಬ್ಬಳೇ. ಸೆಲ್ವರಾಜ್ ಸರ್ ಎದುರು ಮಾತ್ರ ಅವಳ ದನಿ ಏಳುತ್ತಿರಲಿಲ್ಲ. ಕೆಲಸ ಕೊಟ್ಟವರು ಎಂಬ ಗೌರವ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮವರೇ ಒಂದು ಸಾಫ್ಟ್‌ವೇರ್ ಬರೆಯತೊಡಗಿದರು. ಈಗ ನೀವು ಒತ್ತುವ ಬಟನ್ನಿನ ಅಜ್ಜಿ ಅದು. ಚುಕ್ಕಿಗಳ ರಾಶಿಯನ್ನು ತಾನೇ ವಿಂಗಡಿಸಿ, ಇದು ಸಪಾಟು ಮುಖ, ಇದು ಕೊಳವೆ, ಇದು ತೂತು ಎಂದು ಗುರುತಿಸಿ, ಕೊನೆಗೆ ತಿದ್ದಬಹುದಾದ ಮಾಡೆಲ್ಲನ್ನು ಕೊಡಬೇಕು. ತಿದ್ದಬಹುದಾದ ಎಂಬುದೇ ಮುಖ್ಯ. ಬರೀ ಆಕಾರ ಬಂದರೆ ಅದು ಕಲ್ಲಿನ ಬೊಂಬೆ. ತೂತಿನ ಅಳತೆ ಬದಲಾಯಿಸಿದರೆ ಸುತ್ತಲಿನದೂ ಅದಕ್ಕೆ ಹೊಂದಿಕೊಂಡು ಬದಲಾಗಬೇಕು, ಆಗ ಅದು ಮಾಡೆಲ್ಲು.

ಹಾಗಾಗಬೇಕಾದರೆ ಸಾಫ್ಟ್‌ವೇರಿಗೆ ಕೆಲವು ನಿಯಮಗಳು ಬೇಕು. ಸವೆದ ಭಾಗದಲ್ಲಿ ಯಾವುದೂ ಸರಿಯಾಗಿ ನೇರವಿರುವುದಿಲ್ಲ, ಯಾವುದೂ ಸರಿಯಾಗಿ ಮಧ್ಯದಲ್ಲಿರುವುದಿಲ್ಲ. ಸೆಲ್ವರಾಜ್ ಸರ್ ತಮ್ಮ ಅನುಭವವನ್ನೆಲ್ಲ ಧಾರೆಯೆರೆದು ಆ ನಿಯಮಗಳನ್ನು ಹೇಳಿ ಬರೆಸಿದರು. ಎರಡು ಮುಖಗಳು ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಪೂರ್ತಿ ಸಮಾನಾಂತರ ಮಾಡು. ತೂತು ಮಧ್ಯಕ್ಕೆ ಹತ್ತಿರವಿದ್ದರೆ ಮಧ್ಯಕ್ಕೇ ತಾ. ಮದುವೆ ಫೋಟೋ ಬರೆಯುವ ವಿದ್ಯೆ ಹೀಗೆ ಯಂತ್ರಕ್ಕೆ ದಾಟಿತು. ಅದು ಕೆಲಸ ಮಾಡಿದಾಗ ನಮಗಾದ ಸಂತೋಷವನ್ನು ಹೇಗೆ ಹೇಳಲಿ? ವಾರಗಟ್ಟಲೆ ಬಗ್ಗಿ ಕೂತು ಬರೆಯುತ್ತಿದ್ದ ಪಂಪಿನ ಕವಚವೊಂದು ಊಟದ ಹೊತ್ತಿಗೆ ಮುಗಿದಿತ್ತು. ಸೆಲ್ವರಾಜ್ ಸರ್ ಪರದೆಯನ್ನು ನೋಡುತ್ತಾ "ಆಗಲಿ" ಎಂದರು. ಎರಡು ಸಲ ಎಂದರು.

ಆಗಲೇ ಶರಣಮ್ಮನ ಕ್ಯಾಲಿಪರಿನ ಕೀಲು ಬಿರುಕು ಬಿಟ್ಟದ್ದು.

ಅದನ್ನು ಮಾಡಿಕೊಟ್ಟವರು ಶಿವಾಜಿನಗರದ ಒಂದು ಸಂದಿಯಲ್ಲಿ ಅಂಗಡಿಯಿಟ್ಟಿದ್ದ ಮುದುಕರು. ಅವರು ತೀರಿಹೋಗಿ ಅಂಗಡಿಯಲ್ಲಿ ಬೇರೆ ಯಾರೋ ಮೊಬೈಲ್ ಮಾರುತ್ತಿದ್ದರು. ಆಸ್ಪತ್ರೆಯಲ್ಲಿ ಸಿಗುವ ಕ್ಯಾಲಿಪರಿಗೆ ಮಂಡಿಯ ಬಳಿ ಬೀಗದಂಥ ಬಳೆಯಿರುತ್ತದೆ. ನಿಂತಾಗ ಬಳೆ ಜಾರಿ ಕೀಲನ್ನು ಹಿಡಿಯುತ್ತದೆ, ಕೂರಬೇಕಾದರೆ ಅದನ್ನು ಕೈಯಿಂದ ಎತ್ತಬೇಕು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದವಳು ಬಳೆ ಎತ್ತುವುದೆಲ್ಲಿ? ಆ ಮುದುಕರು ಇವಳಿಗೆ ಬಳೆಯಿಲ್ಲದ್ದನ್ನೇ ಮಾಡಿಕೊಟ್ಟಿದ್ದರು. ಬೀಗವಿಲ್ಲದೆ ಮಂಡಿ ಹೇಗೆ ನಿಲ್ಲುತ್ತದೆ ಎಂದು ಅವಳೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಿಲ್ಲುತ್ತಿತ್ತು, ಅಷ್ಟೇ.

ಬಿರುಕಿಗೆ ತಂತಿ ಸುತ್ತಿಕೊಂಡು ಬಂದವಳನ್ನು ನೋಡಿ ಸೆಲ್ವರಾಜ್ ಸರ್ ತಾವಾಗಿಯೇ ಹೇಳಿದರು: "ಊರಿನ ಭಾಗಗಳನ್ನೆಲ್ಲ ನಾವು ಮಾಡ್ತೀವಿ. ನಮ್ಮ ಹುಡುಗಿ ಕಾಲಿಗೆ ಮಾಡಕ್ಕಾಗಲ್ವಾ? ಬಿಚ್ಚಿ ಕೊಡಮ್ಮಾ."

ಕ್ಯಾಲಿಪರನ್ನು ಸ್ಕ್ಯಾನ್ ಮಾಡಿದೆವು. ತನ್ನ ಕ್ಯಾಲಿಪರಿನ ಚುಕ್ಕಿಗಳನ್ನು ಶರಣಮ್ಮನೇ ಆರಿಸಿದಳು. ಕುರ್ಚಿಯಲ್ಲಿ ಕೂತು, ಬರಿಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, "ನನ್ನ ಕಾಲು ಟಿವ್ಯಾಗ ಬಂತು ನೋಡ್ರಿ ಅಕ್ಕಾರ" ಎಂದು ನಗುತ್ತಾ ಮಾಡಿದಳು. ಸಾಫ್ಟ್‌ವೇರು ಮಾಡೆಲ್ ಕೊಟ್ಟಿತು. ಮಾಡೆಲ್ಲಿಗೂ ಹಳೆಯ ಭಾಗಕ್ಕೂ ಎಲ್ಲಿ ವ್ಯತ್ಯಾಸವಿದೆ ಎಂಬುದನ್ನು ಬಣ್ಣದಲ್ಲಿ ತೋರಿಸುವ ಚಿತ್ರವೊಂದಿರುತ್ತದೆ, ನಿಮಗೆ ಗೊತ್ತು. ಹಸಿರಿದ್ದರೆ ಕ್ಷೇಮ, ಕೆಂಪಿದ್ದರೆ ವ್ಯತ್ಯಾಸ. ಎಲ್ಲ ಕಡೆ ಹಸಿರು. ಮಂಡಿಯ ಕೀಲಿನ ತೂತಿನ ಹಿಂಬದಿಗೆ ಮಾತ್ರ ಅರ್ಧ ಚಂದ್ರನ ಹಾಗೆ ಕೆಂಪು. ಎರಡೂ ಪಟ್ಟಿಯಲ್ಲೂ. ಸೆಲ್ವರಾಜ್ ಸರ್ ನೋಡಿದರು, ನಾನು ನೋಡಿದೆ, ಸಾಫ್ಟ್‌ವೇರಿನ ಹುಡುಗರು ನೋಡಿದರು. ಎಲ್ಲರೂ ಒಂದೇ ಮಾತು ಹೇಳಿದೆವು: ಸವೆತ. ಹನ್ನೆರಡು ತಿಂಗಳೂ ನಡೆದ ಕೀಲು ಸವೆಯದೆ ಇರುತ್ತದೆಯೇ?

ಹೊಸ ಕ್ಯಾಲಿಪರ್ ತಯಾರಾದದ್ದು ಆಯುಧಪೂಜೆಯ ಹೊತ್ತಿಗೆ. ಪ್ರತಿವರ್ಷ ಆ ದಿನ ನಮ್ಮಲ್ಲಿ ವರ್ನಿಯರಿನಿಂದ ಹಿಡಿದು ಸ್ಕ್ಯಾನರಿನವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಬೂದುಗುಂಬಳಕಾಯಿ ಒಡೆಯುವುದು ಪದ್ಧತಿ. ಆ ಸಲ ಸ್ಕ್ಯಾನರಿನ ಮುಂದೆ ಹೊಸ ಕ್ಯಾಲಿಪರನ್ನೂ ಇಟ್ಟು ಮಂಗಳಾರತಿ ಮಾಡಿದರು. ಆಮೇಲೆ ಸೆಲ್ವರಾಜ್ ಸರ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಶರಣಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಕಟ್ಟಿಕೊಂಡು ಆಫೀಸಿನ ಹಾಲ್‌ನ ಉದ್ದಕ್ಕೂ ನಡೆದಳು, ಎಲ್ಲರೂ ಚಪ್ಪಾಳೆ ಹೊಡೆದರು. ಟಕ್ ಶಬ್ದವೂ ಇರಲಿಲ್ಲ.

ಆ ಮೇಲಿನ ದಿನಗಳಲ್ಲಿ ನಾನೊಂದು ಸಂಗತಿ ಗಮನಿಸಿದೆ. ಶರಣಮ್ಮ ನಡೆಯುವಾಗ ಬಲತೊಡೆಯ ಮೇಲೆ ಅಂಗೈ ಊರುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. "ಏನೇ, ನೋವಾ?" ಎಂದು ಕೇಳಿದೆ. "ಏನಿಲ್ರಿ. ಹೊಸಾದು ಅದಲ್ರಿ, ಹೊಂದ್ಕೋಬೇಕು" ಎಂದಳು. "ಸರಿ ಇಲ್ದಿದ್ರೆ ಸರ್‌ಗೆ ಹೇಳು" ಎಂದೆ. ಅವಳು ನನ್ನನ್ನು ತಿಳಿಗೇಡಿಯೆಂಬಂತೆ ನೋಡಿದಳು. "ಪೂಜಾ ಮಾಡಿ ಕೊಟ್ಟಿದ್ದು ಹ್ಯಾಂಗ ಬ್ಯಾಡನ್ಲಿರಿ ಅಕ್ಕಾರ?"

ಊರಿಗೆ ಹೋಗಿ ರೈಲಿನಲ್ಲಿ ವಾಪಸ್ಸು ಬರುತ್ತಿದ್ದ ಅತ್ತಿಗೆಯನ್ನು ಕರೆತರಲು ಒಂದು ಬೆಳಿಗ್ಗೆ ಅವಳು ಕೃಷ್ಣರಾಜಪುರ ಸ್ಟೇಷನ್ನಿಗೆ ಹೋಗಿದ್ದಳು. ಮೇಲ್ಸೇತುವೆಯಿಂದ ಇಳಿಯುವಾಗ ಮಂಡಿ ಹಠಾತ್ತನೆ ಮಡಚಿಕೊಂಡಿತು. ಜನದ ಮಧ್ಯೆ ಮುಗ್ಗರಿಸಿ ಬಿದ್ದಳು. ಎಡಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಮುಖಕ್ಕೆ ಹೊಲಿಗೆ ಬಿತ್ತು.

ಸೆಲ್ವರಾಜ್ ಸರ್ ಮತ್ತು ನಾನು ರಾಮಮೂರ್ತಿ ನಗರದ ಅವಳ ಕೋಣೆಗೆ ಹೋದೆವು. ಗೋಡೆಗೊರಗಿ ಕೂತಿದ್ದಳು, ಕೈಗೆ ಪ್ಲಾಸ್ಟರು. ಹೊಸ ಕ್ಯಾಲಿಪರ್ ಮೂಲೆಯಲ್ಲಿ ನಿಂತಿತ್ತು. ಪೂಜೆಯ ಕುಂಕುಮ ಇನ್ನೂ ಅದರ ಮೇಲಿತ್ತು. ಭೀಮಣ್ಣ ನಮಗೆ ಚಾಪೆ ಹಾಸಿದ, ನೀರು ಕೊಟ್ಟ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಆಮೇಲೆ ನಿಂತುಕೊಂಡೇ ಹೇಳಿದ:

"ಕಾಲು ಕೊಡ್ತೀವಿ ಅಂದ್ರಿ ಸಾಹೇಬ್ರ. ಕೈ ಮುರದು ಕಳಸೀರಿ."

"ಅಣ್ಣಾ, ಸುಮ್ಮಿರು" ಎಂದಳು ಶರಣಮ್ಮ.

"ಯಾಕ ಸುಮ್ಮಿರ್ಬೇಕು? ಸಾಕ್ರಿ ಇನ್ನ. ಕೈ ಕೂಡಿದ ಮ್ಯಾಲ ಊರಿಗಿ ಒಯ್ತೀನಿ. ಮನ್ಯಾಗ ಕುಂತಿರ್ಲಿ. ಬೀಳೂದಾದ್ರೂ ತಪ್ತದ."

ಸೆಲ್ವರಾಜ್ ಸರ್ ಎರಡೂ ಕೈ ಜೋಡಿಸಿದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ನಾವು ಹೊರಟಾಗ ಶರಣಮ್ಮ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. "ಅಕ್ಕಾರ, ಊರಾಗ ನಾ ತೆವಳ್ಕೊಂತ ಅಂಗಳದ ತನ ಹೋಗ್ತಿದ್ದೆ, ಅಷ್ಟ. ಇಲ್ಲಿ ನಾ ಬಸ್ ಹತ್ತಿ ಕೆಲಸಕ್ಕ ಬರ್ತೀನಿ. ನನ್ನ ಮತ್ತ ಅಂಗಳಕ್ಕ ಕಳಸಬ್ಯಾಡ್ರಿ." ಅವಳ ಕಣ್ಣಲ್ಲಿ ನೀರಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ.

ನಾವು ಹಳೆಯದು, ಹೊಸದು ಎರಡೂ ಕ್ಯಾಲಿಪರುಗಳನ್ನು ಆಫೀಸಿಗೆ ತಂದೆವು. ಸಾಫ್ಟ್‌ವೇರಿನ ಹುಡುಗರು ಮತ್ತೆ ಚುಕ್ಕಿಗಳನ್ನು ತೆರೆದು ಕೂತರು. ಉಕ್ಕಿನ ಗಡಸುತನ ಕಡಿಮೆಯಾಯಿತೋ, ಕೀಲಿನ ಬಿಗಿತ ಹೆಚ್ಚಾಯಿತೋ ಎಂದು ಚರ್ಚಿಸಿದರು. ಸೆಲ್ವರಾಜ್ ಸರ್ ಅವರ ಮಾತಿಗೆ ಕಿವಿಗೊಡಲಿಲ್ಲ. ಹಳೆಯ ಕ್ಯಾಲಿಪರನ್ನು ಮೇಜಿನ ಮೇಲೆ ನಿಲ್ಲಿಸಿದರು. ಕೀಲು ಮಡಚಲು ಅಡ್ಡಿಯಾಗದ ಹಾಗೆ ಬಿರುಕಿನ ಜಾಗವನ್ನು ಮಾತ್ರ ಕ್ಲಾಂಪಿನಿಂದ ಬಿಗಿದು, ಮೇಲುತುದಿಯ ಮೇಲೆ ಅಂಗೈಯಿಟ್ಟು ಕೆಳಕ್ಕೆ ಒತ್ತಿದರು. ಅದು ಅಲುಗಾಡಲಿಲ್ಲ. ಮೈಭಾರವನ್ನೆಲ್ಲ ಹಾಕಿದರು. ಒತ್ತಿದಷ್ಟೂ ಅದು ನೆಟ್ಟಗಾಯಿತು. ಆಮೇಲೆ ಹೊಸದನ್ನು ನಿಲ್ಲಿಸಿ ಒತ್ತಿದರು. ಕ್ಷಣ ನಿಂತಿತು, ಅಂಗೈ ಸ್ವಲ್ಪ ವಾಲಿದ್ದೇ ತಡ, ಮಂಡಿಯ ಬಳಿ ಮಡಚಿಕೊಂಡು ಮೇಜಿಗೆ ಬಡಿಯಿತು.

ಕ್ಯಾಲಿಪರನ್ನು ಸ್ಕ್ಯಾನ್ ಮಾಡಿದ್ದೆವು, ಬಣ್ಣ ಹಾಕಿ ನೋಡಿದ್ದೆವು, ಪೂಜೆಯನ್ನೂ ಮಾಡಿದ್ದೆವು. ಒತ್ತಿ ಮಾತ್ರ ಯಾರೂ ನೋಡಿರಲಿಲ್ಲ.

ಆ ಮೇಲೆ ನಾನು ಹಳೆಯ ಕೀಲನ್ನು ಬಿಚ್ಚಿ ಅದರ ತೂತನ್ನು ಅಳೆದೆ. ತೂತು ಸವೆದದ್ದು ನಿಜ, ಆದರೆ ಸವೆತ ಹಿಂಬದಿಗೆ ಮಾತ್ರ. ಮುಂಬದಿಯ ಅರ್ಧ, ಕೊರೆದ ದಿನ ಹೇಗಿತ್ತೋ ಹಾಗೇ ಇತ್ತು, ಕೊರೆದ ಗೆರೆಗಳೂ ಕಾಣುತ್ತಿದ್ದವು. ಸವೆಯದ ಆ ಅರ್ಧದಿಂದಲೇ ವೃತ್ತದ ನಡುವನ್ನು ಹುಡುಕಿದೆ. ಅದು ಪಟ್ಟಿಯ ಮಧ್ಯದಲ್ಲಿರಲಿಲ್ಲ. ಒಂದು ಕಡಲೆಬೇಳೆಯಷ್ಟು ಹಿಂದಿತ್ತು. ಇನ್ನೊಂದು ಬದಿಯ ಪಟ್ಟಿಯನ್ನು ಅಳೆದೆ. ಅದರಲ್ಲೂ ಅಷ್ಟೇ ಹಿಂದೆ. ಕೈತಪ್ಪು ಎರಡು ಕಡೆ ಒಂದೇ ಅಳತೆಯಲ್ಲಿ ಆಗುವುದಿಲ್ಲ. ಬೇಕೆಂದೇ ಕೊರೆದ ಜಾಗ ಅದು. ಕೀಲು ಹಿಂದಿದ್ದರೆ ನಿಂತವಳ ಭಾರ ಕೀಲಿನ ಮುಂದೆ ಬೀಳುತ್ತದೆ. ಕಾಲು ನೆಟ್ಟಗಾದ ಮೇಲೆ ಆಚೆ ಹೋಗದಂತೆ ಒಂದು ತಡೆಯಿದೆ. ಭಾರ ಬಿದ್ದಷ್ಟೂ ಮಂಡಿ ಆ ತಡೆಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಬೀಗದ ಕೆಲಸವನ್ನು ಅವಳ ಮೈಭಾರವೇ ಮಾಡುತ್ತಿತ್ತು. ನಮ್ಮ ಸಾಫ್ಟ್‌ವೇರು ಆ ತೂತನ್ನು ನೋಡಿ, ಮಧ್ಯಕ್ಕೆ ಹತ್ತಿರವಿದೆ ಎಂದು ಮಧ್ಯಕ್ಕೇ ತಂದಿತ್ತು. ಹೇಳಿಕೊಟ್ಟ ಪಾಠವನ್ನು ತಪ್ಪದೆ ಒಪ್ಪಿಸಿತ್ತು.

ತಿದ್ದಲು ನಿಮಿಷವೂ ಹಿಡಿಯಲಿಲ್ಲ. ತಿದ್ದಬಹುದಾದ ಮಾಡೆಲ್ಲು ತಾನೇ? ತೂತಿನ ಜಾಗದ ಒಂದು ಸಂಖ್ಯೆಯನ್ನು ಬದಲಾಯಿಸಿದೆ, ಉಳಿದದ್ದೆಲ್ಲ ತಾನಾಗಿ ಹೊಂದಿಕೊಂಡಿತು. ಇಷ್ಟು ಸುಲಭದ್ದಕ್ಕೆ ಒಬ್ಬಳ ಕೈ ಮುರಿಯಬೇಕಿತ್ತೇ?

ಸೆಲ್ವರಾಜ್ ಸರ್ ಆ ವಾರವೇ ನಿಯಮವನ್ನು ಬದಲಾಯಿಸಲು ಹೇಳಿದರು. ಇಂಥ ಜಾಗ ಬಂದಾಗ ಸಾಫ್ಟ್‌ವೇರು ತಾನೇ ತೀರ್ಮಾನ ಮಾಡದೆ ನಿಂತು, ಇದು ಸವೆದದ್ದೋ ಮಾಡಿದ್ದೋ ಎಂದು ಕೇಳಬೇಕು. ಮಾರಾಟದ ವಿಭಾಗದವರಿಗೆ ಅದು ಹಿಡಿಸಲಿಲ್ಲ. "ಆಟೊಮ್ಯಾಟಿಕ್ ಅಂತ ಹೇಳಿ ಮಾರ್ತಾ ಇದ್ದೀವಿ ಸರ್. ಅದು ಕ್ವೆಶ್ಚನ್ ಕೇಳಿದ್ರೆ ಕಸ್ಟಮರ್ ನಗ್ತಾರೆ" ಎಂದರು. "ನಗಲಿ. ಬೀಳದೆ ಇದ್ರೆ ಸಾಕು" ಎಂದರು ಸರ್. ನೀವು ಕೆಲಸ ಮಾಡುವಾಗ ನಡುವೆ ನಿಂತು ಕೇಳುತ್ತದಲ್ಲ, ನೀವೆಲ್ಲ ಓದದೆ ಓಕೆ ಒತ್ತುತ್ತೀರಲ್ಲ, ಆ ಪ್ರಶ್ನೆ ಹುಟ್ಟಿದ್ದು ಹೀಗೆ. ಇನ್ನು ಮುಂದೆ ಅದು ಕೇಳಿದಾಗ ದಯವಿಟ್ಟು ಕುರ್ಚಿಯಿಂದ ಏಳಿ. ಹೋಗಿ ಆ ಭಾಗವನ್ನು ಕೈಯಲ್ಲಿ ಹಿಡಿದು, ಎಳೆದು, ಒತ್ತಿ ನೋಡಿ. ಅದನ್ನು ಬಳಸುವವರು ಯಾರು, ಎಲ್ಲಿ, ಹೇಗೆ ಎಂದು ಕೇಳಿ. ಮುಂದಿನ ಸಾಲಿನ ಹುಡುಗಿಗೆ ಕಲಿಯಲು ಇರುವುದು ಇಷ್ಟು.

ಪ್ಲಾಸ್ಟರು ತೆಗೆದ ಮೇಲೆ ಭೀಮಣ್ಣ ತಂಗಿಯನ್ನು ಆಟೋದಲ್ಲಿ ಕರೆತಂದ. ಅವಳು ಬೇಡಿಕೊಂಡಿದ್ದಕ್ಕೆ ಬಂದಿದ್ದ. ಮುಖ ಗಂಟಿಕ್ಕಿಕೊಂಡೇ ಇತ್ತು. "ಒಂದಽ ಸಲ ನೋಡ್ತೀನಿ. ಮತ್ತ ಬಿದ್ಲಂದ್ರ ನಾಳಿನ ರೈಲಿಗೇ ಊರಿಗಿ" ಎಂದ. ನಕ್ಷೆ ತಿದ್ದಿ ಮತ್ತೆ ಮಾಡಿಸಿದ ಕ್ಯಾಲಿಪರನ್ನು ಅಷ್ಟರೊಳಗೆ ನಾವು ಎಷ್ಟು ಸಲ ಒತ್ತಿದ್ದೆವೋ ಲೆಕ್ಕವಿಲ್ಲ. ಈ ಸಲ ಪೂಜೆ ಇರಲಿಲ್ಲ, ಹೂವಿರಲಿಲ್ಲ. ಶರಣಮ್ಮ ಕುರ್ಚಿಯಲ್ಲಿ ಕೂತು ಬೆಲ್ಟುಗಳನ್ನು ತಾನೇ ಬಿಗಿದುಕೊಂಡಳು. ಸೆಲ್ವರಾಜ್ ಸರ್ ಹಾಲ್‌ನ ಕಡೆ ಕೈ ತೋರಿಸಿದರು. "ಇಲ್ಲೇ ಎರಡು ಹೆಜ್ಜೆ ನಡೆದು ನೋಡಮ್ಮಾ."

ಅವಳು ಒಲ್ಲೆನೆಂದು ತಲೆಯಾಡಿಸಿದಳು. "ಸಪಾಟ ನೆಲದ ಮ್ಯಾಲ ಹ್ವಾದ ಸಲಾನೂ ನಡ್ದೀನ್ರಿ ಸರ್. ನೀವೆಲ್ಲ ಚಪ್ಪಾಳಿ ಹೊಡದ್ರಿ."

ನಮ್ಮ ಕಟ್ಟಡದ ಮುಂದೆ ಗಾಡಿಗಳನ್ನು ಹತ್ತಿಸಲು ಸಿಮೆಂಟಿನ ಇಳಿಜಾರೊಂದಿತ್ತು, ಬಾಗಿಲಿನಿಂದ ರಸ್ತೆಯವರೆಗೆ. ಅವಳು ಅದರ ತುದಿಗೆ ಹೋಗಿ ನಿಂತಳು. ನಾನು ಪಕ್ಕಕ್ಕೆ ಹೋಗಿ ತೋಳು ಹಿಡಿಯಲು ಕೈ ಚಾಚಿದೆ. "ಬ್ಯಾಡ್ರಿ ಅಕ್ಕಾರ" ಎಂದಳು. ಭೀಮಣ್ಣ ಮುಂದೆ ಬಂದ. ಅವನಿಗೂ ಬೇಡವೆಂದಳು. ಆಮೇಲೆ ಸೆಲ್ವರಾಜ್ ಸರ್ ಕಡೆ ತಿರುಗಿದಳು. ಅವರೆದುರು ಅವಳು ದನಿಯೆತ್ತಿ ಮಾತಾಡಿದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

"ಸರ್, ನೀವು ನನ್ನ ಮುಂದ ನಡೀರಿ. ಬಿದ್ರ ನಿಮ್ಮ ಮ್ಯಾಲ ಬೀಳ್ತೀನಿ."

ಸರ್ ಬಂದು ಅವಳ ಮುಂದೆ, ಬೆನ್ನು ಕೊಟ್ಟು ನಿಂತರು. ಇಳಿಯತೊಡಗಿದರು. ಅವಳೂ ಹೆಜ್ಜೆಯಿಟ್ಟಳು. ಕೈ ತೊಡೆಯ ಮೇಲಿರಲಿಲ್ಲ. ಸರ್‌ಗೆ ತಿರುಗಿ ನೋಡಬೇಕೆನಿಸಿದ್ದು ಅವರ ಕತ್ತು ನೋಡಿದರೇ ತಿಳಿಯುತ್ತಿತ್ತು, ಆದರೂ ತಿರುಗಲಿಲ್ಲ. ಪ್ರತಿ ಹೆಜ್ಜೆಗೂ ಭುಜ ಬಿಗಿ ಹಿಡಿದು, ಮೇಲೆ ಬೀಳುವ ಭಾರವನ್ನು ಹೊರಲು ತಯಾರಾದವರ ಹಾಗೆ ಇಳಿದರು. ಭೀಮಣ್ಣ ನನ್ನ ಪಕ್ಕದಲ್ಲಿ ನಿಂತು ಏನೋ ಗೊಣಗುತ್ತಿದ್ದ, ದೇವರ ಹೆಸರಿರಬೇಕು. ನಾನು ಅವಳ ಮಂಡಿಯನ್ನೇ ನೋಡುತ್ತಿದ್ದೆ.

ಇಳಿಜಾರು ಮುಗಿದು ರಸ್ತೆ ಸಿಕ್ಕಿತು. ಸೆಲ್ವರಾಜ್ ಸರ್ ಅಲ್ಲೇ ನಿಂತುಬಿಟ್ಟರು, ಬೆನ್ನು ಹಾಕಿಕೊಂಡೇ. "ಬಂದ್ಯಾಮ್ಮಾ?" ಎಂದು ಕೇಳಿದರು.

ಅವರ ಹಿಂದೆಯೇ ಶರಣಮ್ಮ ಹೇಳಿದಳು: "ದಾರಿ ಬಿಡ್ರಿ ಸರ್."

ಸರ್ ಪಕ್ಕಕ್ಕೆ ಸರಿದು ನಿಂತರು. ಅವಳು ಅವರನ್ನು ದಾಟಿ ಬಸ್‌ಸ್ಟಾಪಿನ ಕಡೆ ನಡೆದಳು.